ನಾಲ್ಕು ಬೆರಳು ಕಡಿಮೆ

ನಮ್ಮ ಓಣಿಯ ನಳಕ್ಕೆ ನೀರಿಗಿಂತ ಮೊದಲು ಗಾಳಿ ಬರುತ್ತದೆ. ಮೊದಲು ಒಂದು ಕೆಮ್ಮು, ಆಮೇಲೆ ಉದ್ದನೆಯ ಬುಸ್ಸೆನ್ನುವ ಸದ್ದು, ಅದರ ಬೆನ್ನಿಗೇ ಕೆಂಪು ಬಣ್ಣದ ನಾಲ್ಕು ಹನಿ. ಆ ಬುಸ್ ಕೇಳಿದ್ದೇ ತಡ, ಕುಷ್ಟಗಿಯ ಈ ಓಣಿಯಲ್ಲಿ ಎಂಥ ಕೆಲಸವಿದ್ದರೂ ನಿಂತುಬಿಡುತ್ತದೆ. ಒಗ್ಗರಣೆ ಸೀದರೆ ಸೀಯಲಿ, ಬಾಗಿಲಿಗೆ ಬಂದವರು ಕಾದರೆ ಕಾಯಲಿ. ಈ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೂ ಹಾಗೇ ಆಯಿತು. ಒಂಬತ್ತು ದಿನದ ಮೇಲೆ ನೀರು ಬಂದಿತ್ತು. ನಾನು ಎರಡು ಕಂಕುಳಲ್ಲಿ ಎರಡು ಕೊಡ ಇಟ್ಟುಕೊಂಡು ಅಂಗಳಕ್ಕೆ ಓಡಿದೆ. ಮೊದಲ ಕೊಡ ತುಂಬಿ ಪಕ್ಕಕ್ಕೆ ಎಳೆದಾಗ, ನಡುವಿನ ಗಿಡ್ಡ ಗೋಡೆಯಾಚೆಯಿಂದ ಪಕ್ಕದ ಮನೆಯ ಗೌರಕ್ಕ ಬಾಯಿ ಹಾಕಿದಳು.

“ಅಕ್ಕೋರ, ಇದೆಂಥಾ ಚಟರೀ ನಿಮ್ದು? ಇನ್ನಾ ನಾಕ್ ಬೆರಳು ಇರ್ತಾನ ಕೊಡ ತಗದಬಿಡ್ತೀರಲ್ಲ! ಒಂಬತ್ತ ದಿನಕ್ಕ ಬಂದಾವ ನೀರು!”

ಅಕ್ಕೋರು ಅಂದರೆ ನಾನು. ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳೆಲ್ಲ ನಮ್ಮ ಕಡೆ ಅಕ್ಕೋರೇ. ಗೌರಕ್ಕನಿಗೆ ನಗುವೊಂದನ್ನು ಕೊಟ್ಟು ಸುಮ್ಮನಾದೆ. ನೀರು ಬರುತ್ತಿರುವಾಗ ಗೋಡೆಯ ಮೇಲೆ ಒರಗಿ ಹೇಳುವ ಕಥೆಯಲ್ಲ ಅದು, ಹಡಗಿನ ಕಥೆ. ನಿಮಗೆ ಹೇಳುತ್ತೇನೆ. ನಿಮ್ಮ ನಳ ಈಗ ಕೆಮ್ಮುತ್ತಿಲ್ಲವಾದರೆ ಸ್ವಲ್ಪ ಕುಳಿತುಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ಹನುಮಸಾಗರದಲ್ಲಿ. ಊರಿನ ಹೆಸರಿನಲ್ಲಿ ಸಾಗರವಿತ್ತು, ನಳದಲ್ಲಿ ಇರುತ್ತಿರಲಿಲ್ಲ. ನೀರು ಬಂದ ದಿನ ನಮ್ಮ ಮನೆಯಲ್ಲಿ ತುಂಬದ ಪಾತ್ರೆಯೇ ಇರುತ್ತಿರಲಿಲ್ಲ. ಕೊಡ, ಹಂಡೆ, ಬೋಗುಣಿ, ಚರಿಗೆ, ಕೊನೆಗೆ ಚಹಾ ಕುಡಿಯುವ ಕಪ್ಪು ಕೂಡ. ತುಂಬುವುದಕ್ಕೂ ಒಂದು ಶಿಸ್ತಿತ್ತು: ಬಾಯಿಮಟ್ಟ, ಇನ್ನೊಂದು ಹನಿ ಬಿದ್ದರೆ ಚೆಲ್ಲಬೇಕು, ಹಾಗೆ. ಅರೆಕೊಡ ಇಟ್ಟರೆ ಅವ್ವ ಬೈಯುತ್ತಿದ್ದಳು. ತುಂಬಿದ ಕೊಡ ಎದುರು ಬಂದರೆ ಶುಭ ಎಂದು ನೀವೂ ಕೇಳಿರುತ್ತೀರಿ. ನಮ್ಮವ್ವನಿಗೆ ಎದುರು ಬರಬೇಕೆಂದೇನೂ ಇರಲಿಲ್ಲ, ಮೂಲೆಯಲ್ಲಿ ಕುಳಿತಿದ್ದರೂ ಸಾಕಿತ್ತು.

ನನಗೆ ಗಂಡು ನೋಡುವಾಗ ಅಪ್ಪ ಇಟ್ಟದ್ದು ಒಂದೇ ಷರತ್ತು. “ಹೊಲ ಇರ್ಲಿ ಬಿಡ್ಲಿ, ನೀರಿರೋ ಊರಿಗಿ ಕೊಡ್ತೀನಿ. ನನ್ನ ಮಗಳು ಕೊಡ ಹೊತ್ತಿದ್ದು ಸಾಕು.” ಹಾಗೆ ಹುಡುಕಿ ಸಿಕ್ಕಿದ ಊರು ಗಂಗಾವತಿ ಹತ್ತಿರದ ಮರಳಿ. ಕಾಲುವೆ, ಭತ್ತದ ಗದ್ದೆ, ಬೇಸಿಗೆಯಲ್ಲೂ ಕಾಲಿಗಂಟುವ ಕೆಸರು. ಅತ್ತೆ ಅಂಗಳಕ್ಕೆ ಬಕೆಟ್ ಬಕೆಟ್ ನೀರು ಹೊಡೆಯುವುದನ್ನು ಮೊದಲ ಬೆಳಿಗ್ಗೆ ನೋಡಿದಾಗ ನನ್ನ ಎದೆ ಝಲ್ಲೆಂದಿತ್ತು. ಅಷ್ಟು ನೀರಿನಲ್ಲಿ ನಮ್ಮ ಮನೆ ಎರಡು ದಿನ ನಡೆಯುತ್ತಿತ್ತು. ಇನ್ನು ಹುಡುಗ. ಚಿಕ್ಕಂದಿನಿಂದ ಗದ್ದೆಯ ಪಂಪು, ಭತ್ತ ಕೊಯ್ಯುವ ಯಂತ್ರ ಬಿಚ್ಚಿ ಜೋಡಿಸಿ ಕೈ ಕಪ್ಪು ಮಾಡಿಕೊಂಡು, ಅದೇ ವಿದ್ಯೆಯನ್ನು ಓದಿ, ಸರಕು ಸಾಗಿಸುವ ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. ಅಪ್ಪ ಕೇಳಿದ್ದು ನೀರು. ಸಿಕ್ಕಿದ್ದು ಕೇಳಿದ್ದಕ್ಕಿಂತ ತುಸು ಹೆಚ್ಚೇ ಆಯಿತು.

ಅವರನ್ನು ಇಲ್ಲಿಂದ ಮುಂದೆ ‘ಇವರು’ ಎನ್ನುತ್ತೇನೆ. ಗಂಡನ ಹೆಸರು ಹೇಳಿ ನನಗೆ ರೂಢಿಯಿಲ್ಲ; ಬರೆಯಲು ಕುಳಿತರೂ ಬೆರಳು ಮುಂದೆ ಹೋಗುವುದಿಲ್ಲ. ಮಕ್ಕಳಿಗೆ ಮೂಢನಂಬಿಕೆಯ ಪಾಠ ಮಾಡುವವಳು ನಾನೇ, ನಗಬೇಡಿ.

ಮದುವೆಯಾಗಿ ಎರಡು ವರ್ಷ ಕಳೆದಾಗ ನಾವು ಒಂದೇ ಸೂರಿನಡಿ ಇದ್ದದ್ದು ಒಟ್ಟು ನಾಲ್ಕು ತಿಂಗಳು. ನಾನು ಕುಷ್ಟಗಿಯ ಸಾಲಿಯಲ್ಲಿ, ಇವರು ಯಾವುದೋ ಸಮುದ್ರದಲ್ಲಿ. ಫೋನಿನಲ್ಲಿ ಸಂಸಾರ. ಅದೂ ಇವರಿಗೆ ಸಿಗ್ನಲ್ ಸಿಕ್ಕಾಗ ನನಗೆ ನೀರು ಬಂದಿರುತ್ತಿತ್ತು, ನಾನು ಬಿಡುವಾದಾಗ ಇವರ ಸಿಗ್ನಲ್ ಹೋಗಿರುತ್ತಿತ್ತು. ಕ್ಯಾಪ್ಟನ್ ಒಪ್ಪಿದರೆ ಹಡಗಿನ ಅಧಿಕಾರಿಗಳು ಹೆಂಡತಿಯನ್ನು ಕರೆದುಕೊಂಡು ಹೋಗಬಹುದು. ಒಂದು ದಿನ ಇವರೇ ಹೇಳಿದರು: “ನೀ ಒಮ್ಮೆ ಬಂದು ನೋಡು. ನೋಡಿದ ಮ್ಯಾಲೂ ಬಿಡು ಅಂದ್ರ, ಬಿಟ್ಟು ಬರ್ತೀನಿ.” ಇವರು ಮಾತಿಗೆ ತಪ್ಪುವವರಲ್ಲ. ಬೇಸಿಗೆ ರಜೆಗೆ ಸಂಬಳವಿಲ್ಲದ ಇಪ್ಪತ್ತು ದಿನ ಸೇರಿಸಿ ನಾನು ಹೊರಟೆ. ನೋಡುವುದಕ್ಕಲ್ಲ. “ಹಡಗ ಬಿಟ್ಟು ಬಂದ್ಬಿಡ್ರಿ” ಎಂಬ ಮೂರು ಮಾತು ಹೇಳುವುದಕ್ಕೇ ಹೊರಟಿದ್ದೆ. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿಯ ಜೊತೆಗೆ ಆ ಮೂರು ಮಾತನ್ನೂ ಕಟ್ಟಿಕೊಂಡಿದ್ದೆ.

ಹಡಗೆಂದರೆ ನಾನು ಎಣಿಸಿದ್ದು ಬೇರೆ. ಕಂಡದ್ದು ಕಬ್ಬಿಣದ ಒಂದು ಉದ್ದನೆಯ ಊರು, ಅದರ ಹಿಂದುಗಡೆ ನಾಲ್ಕಂತಸ್ತಿನ ಒಂದು ಮನೆ, ಅದರಲ್ಲಿ ನಮ್ಮದೊಂದು ಕೋಣೆ. ಮೇಜು ನೆಲಕ್ಕೆ ಜಡಿದಿತ್ತು, ಕುರ್ಚಿಗೆ ಸರಪಳಿ, ಕಪಾಟಿನ ಬಾಗಿಲಿಗೆ ಕೊಂಡಿ. ನಮ್ಮೂರಲ್ಲಿ ಎಮ್ಮೆ ಕಟ್ಟಿದಂತೆ ಇಲ್ಲಿ ಕುರ್ಚಿ ಕಟ್ಟಿದ್ದಾರಲ್ಲ ಎಂದು ನಗು ಬಂತು. ಮಾರನೆಯ ದಿನ ವಾಂತಿ ಶುರುವಾಗಿ ಆ ನಗು ಹೋಯಿತು. ಬೆಳಿಗ್ಗೆ ಎಂಟಕ್ಕೆ ಇವರು ಕೇಸರಿ ಬಣ್ಣದ ಅಂಗಿ ತೊಟ್ಟು ಕೆಳಗಿಳಿದರೆ, ಊಟಕ್ಕೊಮ್ಮೆ ಬಂದು, ಮತ್ತೆ ಸಂಜೆ ಐದಕ್ಕೆ ಎಣ್ಣೆಯ ವಾಸನೆ ಹೊತ್ತು ಮೇಲೆ ಬರುವರು. ನಡುವೆ ನಾನು, ಗೋಡೆಯಲ್ಲೊಂದು ದುಂಡು ಕಿಟಕಿ, ಹೊರಗೆ ಬರೀ ನೀರು. ಒಂದೇ ಮನೆಯಲ್ಲಿದ್ದರೂ ಇವರು ಇನ್ನೊಂದು ಊರಿಗೆ ಹೋಗಿ ಬಂದ ಹಾಗೇ ಇತ್ತು. ಮೊದಲ ವಾರದಲ್ಲೇ ಆ ಮೂರು ಮಾತು ನಾಲಿಗೆಯ ತುದಿಗೆ ಬಂದಿದ್ದವು.

ಅವ್ವ ಫೋನ್ ಮಾಡಿದಾಗ ಮೊದಲು ಕೇಳಿದ್ದು ಅಳಿಯನನ್ನಲ್ಲ.

“ನೀರ ಎಷ್ಟ್ ದಿನಕ್ಕೊಮ್ಮೆ ಬಿಡ್ತಾರವಾ ಅಲ್ಲಿ?”

“ದಿನಾ ಬರ್ತಾವಬೇ. ಯಾವಾಗ ತಿರುವಿದ್ರೂ ಬರ್ತಾವ.”

ಅವ್ವ ಒಪ್ಪಲಿಲ್ಲ. “ಹಂಗೆಲ್ಲಾ ನಂಬಬ್ಯಾಡ. ತುಂಬಿಟ್ಕೋ.”

ನನಗೆ ಅಲ್ಲಿ ಮೊದಲು ಗೆಳೆತನವಾದದ್ದು ಅಡುಗೆಯವರ ಜೊತೆ. ಗೋವಾದ ಕಡೆಯ ವಯಸ್ಸಾದ ಮನುಷ್ಯ. ಎಲ್ಲರೂ ಕುಕ್ ಅಂಕಲ್ ಎನ್ನುತ್ತಿದ್ದರು. ನನ್ನ ಹಿಂದಿ ಎಂದರೆ ನಮ್ಮ ಸೀಮೆಯ ಉರ್ದು. ಬೇಡ ಎನ್ನಲು ನಾನು “ನಕ್ಕೋ” ಎಂದಾಗಲೆಲ್ಲ ಅವರು ಸೌಟು ಕೆಳಗಿಟ್ಟು ನಗುತ್ತಿದ್ದರು. ಭಾನುವಾರ ಅವರ ಅಡುಗೆಮನೆಯಲ್ಲಿ ನನಗೆ ರೊಟ್ಟಿ ಬಡಿಯಲು ಜಾಗ ಸಿಗುತ್ತಿತ್ತು. ಒಲೆಯಲ್ಲಿ ಬೆಂಕಿ ಇಲ್ಲ, ಬರೀ ಕಾದ ಕಬ್ಬಿಣದ ಹಲಗೆ; ಮೊದಲ ಐದು ರೊಟ್ಟಿ ಹಪ್ಪಳವಾದವು. ಹಿಟ್ಟಿಗೆ ಎಸರಿಡಲು ಪಾತ್ರೆಯ ತುಂಬ ನೀರು ಹಾಕಿದಾಗ ಅಂಕಲ್ ನನ್ನ ಕೈ ತಡೆದರು. ತಮ್ಮ ನಾಲ್ಕು ಬೆರಳು ಜೋಡಿಸಿ ಪಾತ್ರೆಯ ಅಂಚಿಗೆ ಅಡ್ಡ ಹಿಡಿದು, ಹಡಗಿನಲ್ಲಿ ಏನನ್ನು ತುಂಬಿದರೂ ಇಷ್ಟು ಖಾಲಿ ಬಿಡಬೇಕು ಎಂದರು. ಪಾತ್ರೆಯಿರಲಿ, ಲೋಟವಿರಲಿ, ಅಲ್ಲಾಡಲು ಅದಕ್ಕೆ ಜಾಗ ಬೇಕಂತೆ. ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ, ಅಂಕಲ್ ನೀರಿಗೆ ಕಾದವರಲ್ಲ ಪಾಪ, ಅಂದುಕೊಂಡೆ.

ಮೂರನೆಯ ವಾರ ನಮ್ಮ ಹಡಗು ಒಂದು ಬಂದರಿನ ಹೊರಗೆ ಲಂಗರು ಹಾಕಿ ನಿಂತಿತು. ಸರದಿ ಬರುವವರೆಗೆ ಕಾಯಬೇಕು, ಎಷ್ಟು ದಿನವೋ ಗೊತ್ತಿಲ್ಲ. ಎರಡನೆಯ ದಿನ ಊಟಕ್ಕೆ ಕುಳಿತಾಗ ಇವರು ಸಹಜವಾಗಿ ಒಂದು ಮಾತು ಹೇಳಿದರು.

“ಎಂಜಿನ್ ನಿಂತ್ರ ನೀರ್ ಮಾಡೋ ಮಷೀನೂ ನಿಂತಂಗ. ಈಗ ಟಾಕ್ಯಾಗ ಇದ್ದಷ್ಟ ನೀರು.”

ಹಡಗಿನಲ್ಲಿ ಕುಡಿಯುವ ನೀರನ್ನು ಸಮುದ್ರದ ಉಪ್ಪು ನೀರಿನಿಂದಲೇ ಮಾಡುತ್ತಾರೆ, ಆ ಯಂತ್ರ ನೋಡಿಕೊಳ್ಳುವುದು ಇವರ ಕೆಲಸ ಎಂದು ನನಗೆ ಗೊತ್ತಿತ್ತು. ಅದು ನಿಲ್ಲುತ್ತದೆ ಎಂದು ಗೊತ್ತಿರಲಿಲ್ಲ. ನನ್ನೊಳಗಿನ ಹನುಮಸಾಗರ ಎದ್ದು ಕುಳಿತಿತು. ಅಂದು ಮಧ್ಯಾಹ್ನದಿಂದಲೇ ತುಂಬತೊಡಗಿದೆ. ಬಕೆಟ್ಟು, ಡಬ್ಬಿ, ಥರ್ಮಾಸು. ಕುಕ್ ಅಂಕಲ್ ಹತ್ತಿರ ಎಣ್ಣೆಯ ಖಾಲಿ ಡಬ್ಬ, ಐಸ್‌ಕ್ರೀಮಿನ ಡಬ್ಬ, ಉಪ್ಪಿನಕಾಯಿಯ ಭರಣಿ ಬೇಡಿ ತಂದೆ. ಯಾತಕ್ಕೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಸದ ಬುಟ್ಟಿಯನ್ನು ತಿಕ್ಕಿ ತೊಳೆದು ಅದನ್ನೂ ತುಂಬಿದೆ. ಇವರ ತಲೆಗೆ ಹಾಕುವ ಹೆಲ್ಮೆಟ್ಟೊಂದನ್ನು ಬಿಟ್ಟೆ. ಎಲ್ಲ ಬಾಯಿಮಟ್ಟ. ಆಮೇಲೆ ಕೋಣೆಯ ನಡುವೆ ನಿಂತು ಸುತ್ತ ನೋಡಿದಾಗ, ಹಡಗು ಹತ್ತಿದ ಮೇಲೆ ಮೊದಲ ಸಲ ಮನೆಗೆ ಬಂದಂತೆ ಅನ್ನಿಸಿತು.

ಇವರು ನೋಡಿದರು, ನಕ್ಕರು, ಸುಮ್ಮನಿದ್ದರು. ಒಂಬತ್ತು ದಿನ ಕಳೆದ ಮೇಲೆ ಮಾತ್ರ, “ನಾಳೆ ಹೊಂಟೀವಿ. ಹೊರಗ ಅಲೆ ಭಾಳ ಐತಂತ. ಅಕ್ಕೋರ, ನಿಮ್ಮ ಕೆರಿ ಎಲ್ಲಾ ಖಾಲಿ ಮಾಡ್ರಿನ್ನ,” ಎಂದರು. ನಾನು ಹ್ಞೂಂ ಎಂದೆ. ಎರಡು ಬಕೆಟ್ಟಿನಲ್ಲಿ ಬಟ್ಟೆ ಒಗೆದೆ. ಉಳಿದದ್ದನ್ನು ಬಚ್ಚಲಿಗೆ ಸುರಿಯಲು ಡಬ್ಬ ಎತ್ತಿದರೆ ಕೈ ಬರಲಿಲ್ಲ. ಶುದ್ಧ ನೀರು, ಒಂದು ಕಸವಿಲ್ಲ! ಬಗ್ಗಿಸಿದೆ, ಮತ್ತೆ ನೆಟ್ಟಗೆ ಮಾಡಿದೆ. ಕೊನೆಗೆ ಅವನ್ನೆಲ್ಲ ಬಟ್ಟೆಯ ಕಪಾಟಿನೊಳಗೆ, ಇವರ ಅಂಗಿಗಳ ಕೆಳಗೆ, ಸಾಲಾಗಿ ಮುಚ್ಚಿಟ್ಟೆ.

ಮರುದಿನ ಬೆಳಿಗ್ಗೆ ಹಡಗು ಲಂಗರು ಎತ್ತಿತು. ಇವರು ಕೆಳಗಿಳಿದು ಒಂದು ತಾಸಾಗಿರಬೇಕು. ಹಡಗು ಎಡಕ್ಕೆ ವಾಲಿತು, ನಿಂತು ಯೋಚಿಸಿತು, ಬಲಕ್ಕೆ ವಾಲಿತು. ಮೂರನೆಯ ಸಲಕ್ಕೆ ಕಪಾಟಿನ ಕೊಂಡಿ ಕಿತ್ತು ಬಾಗಿಲು ತೆರೆದು, ಒಂಬತ್ತು ದಿನದ ನನ್ನ ಆಸ್ತಿಯೆಲ್ಲ ಒಮ್ಮೆಗೇ ಹೊರಬಿತ್ತು. ಡಬ್ಬಗಳು ಮೂಲೆಯಿಂದ ಮೂಲೆಗೆ ಉರುಳಿದವು. ನೀರು ನನ್ನ ಪಾದ ಮುಳುಗಿಸಿ ಆ ಗೋಡೆಗೆ ಹೋಯಿತು, ಈ ಗೋಡೆಗೆ ಬಂತು. ಸೀರೆ, ಟವೆಲ್ಲು, ದುಪ್ಪಡಿ ಎಲ್ಲ ಹಾಕಿ ಒರೆಸಿದೆ, ಹಿಂಡಿದೆ, ಒರೆಸಿದೆ. ಎರಡು ತಾಸಿನಲ್ಲಿ ನೆಲ ಒಣಗಿತು. ಯಾರಿಗೂ ತಿಳಿಯಲಿಲ್ಲವೆಂದು ಹಗುರಾದೆ. ಅಷ್ಟು ನೀರಿನಲ್ಲಿ ನಾನು ಹಿಂಡಿ ತೆಗೆದದ್ದು ಮಾತ್ರ ಅರ್ಧ ಬಕೆಟ್ಟು. ಉಳಿದದ್ದು ಎಲ್ಲಿ ಹೋಯಿತೆಂಬ ಯೋಚನೆ ಹೊಳೆಯಲೇ ಇಲ್ಲ.

ಊಟಕ್ಕೆ ಬಂದ ಇವರ ಮುಖ ಬಾಡಿತ್ತು. ಎಲ್ಲೋ ಕರೆಂಟಿನ ತಂತಿಗೆ ನೀರು ತಗುಲಿದೆಯೆಂದು ಎಂಜಿನ್ ಕೋಣೆಯಲ್ಲಿ ಗಂಟೆ ಬಡಿಯುತ್ತಿದೆಯಂತೆ. ಎಲ್ಲಿ ಎಂದು ಸಿಗುತ್ತಿಲ್ಲ. ಬೆಳಿಗ್ಗೆಯಿಂದ ಇವರೂ ಎಲೆಕ್ಟ್ರಿಷಿಯನ್ನೂ ಒಂದೊಂದೇ ಪೆಟ್ಟಿಗೆ ಬಿಚ್ಚಿ ನೋಡುತ್ತಿದ್ದಾರಂತೆ. ನಾನು ಪಾಪ ಎಂದು ಇನ್ನಷ್ಟು ಶೇಂಗಾ ಚಟ್ನಿ ಬಡಿಸಿದೆ. ದೇವರಾಣೆ, ಆಗಲೂ ನನಗೆ ಹೊಳೆಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ಸಿಕ್ಕಿತು. ನಮ್ಮ ಕೆಳಗಿನ ಕೋಣೆಯ ಛಾವಣಿಯ ದೀಪದಿಂದ ನೀರು ತೊಟ್ಟಿಕ್ಕುತ್ತಿತ್ತು. ಎಂಜಿನಿಯರುಗಳ ಹಿರಿಯರಾದ ಚೀಫ್ ಸಾಹೇಬರು, ಬಂಗಾಳದ ಕಡೆಯ ಸಿಟ್ಟಿನ ಮನುಷ್ಯ, ನೇರ ಮೇಲೆ ಬಂದು ನಮ್ಮ ಬಾಗಿಲು ಬಡಿದರು. ಹಿಂದೆ ಇವರು, ಎಲೆಕ್ಟ್ರಿಷಿಯನ್. ಒಳಗೆ ಹದಿನೆಂಟು ಡಬ್ಬ, ಎಲ್ಲ ಕೊಕ್ಕೆಗೂ ಹಸಿ ಸೀರೆ. ಯಾರ ಕೆಲಸ ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು, ನಾನೇ ತುಂಬಿಟ್ಟಿದ್ದೆ ಎಂದರು. ಅಲೆಯೆದ್ದ ಸಮುದ್ರದಲ್ಲಿ ಕಪಾಟಿನೊಳಗೆ ನೀರಿಡುವವನ ಕೈಗೆ ನಾನು ಎಂಜಿನ್ ಹೇಗೆ ಕೊಡಲಿ ಎಂದು ಕೂಗಿ ಚೀಫ್ ಹೋದರು. ಇವರ ಬಡ್ತಿಯ ವರದಿ ಬರೆಯಬೇಕಾದವರು ಅವರೇ. ಬರೆಯಬೇಕಾದದ್ದು ಅದೇ ತಿಂಗಳು.

“ಯಾಕ್ರಿ ನಿಮ್ಮ ಮ್ಯಾಲ ಹಾಕ್ಕೊಂಡ್ರಿ?”

“ನೀ ಇಲ್ಲಿ ಬೀಗರಿದ್ದಂಗ, ಬಂದು ಹೋಗಾಕಿ. ನಿನ್ನ ಹೆಸರ ಬಂದ್ರ ಮುಂದಿನ ಬಂದರದಾಗ ಇಳಸ್ತಾರ.”

“ಚೆಲ್ಲಾಕ ಕೈ ಬರ್ಲಿಲ್ರಿ ನನಗ.”

ಇವರು ಹಸಿ ಸೀರೆಯೊಂದನ್ನು ಕೊಕ್ಕೆಯಿಂದ ತೆಗೆದು ಹಿಂಡಿ ಮತ್ತೆ ಹಾಕಿದರು. ಕಾಲುವೆಯ ದಂಡೆಯಲ್ಲಿ ಬೆಳೆದವರಿಗೆ ನನ್ನ ಮಾತು ಎಷ್ಟು ತಿಳಿಯಿತೋ ನನಗೆ ಗೊತ್ತಾಗಲಿಲ್ಲ. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ನಿಮ್ಮ ಹತ್ತಿರ ಒಂದು ನಿಜ ಹೇಳಬೇಕು. ಆ ಸಂಜೆ ನನಗೆ ನಾಚಿಕೆಯಾದದ್ದು ಹೌದು, ಆದರೆ ನಾಚಿಕೆಯ ಅಡಿಯಲ್ಲಿ ಒಂದು ಸಣ್ಣ ಸಂತೋಷವೂ ಇತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ವರದಿ ಕೆಡುತ್ತದೆ, ಬಡ್ತಿ ನಿಲ್ಲುತ್ತದೆ, ಇವರಿಗೇ ಬೇಸರ ಬರುತ್ತದೆ, ಹಡಗು ಬಿಟ್ಟು ಬರುತ್ತಾರೆ. ಆ ಮೂರು ಮಾತು ಹೇಳುವ ಪಾಪವೂ ನನಗಿಲ್ಲ. ಹಾಗೆ ಯೋಚಿಸಿದೆ. ಯೋಚಿಸುತ್ತಲೇ ನನ್ನ ಮೂರನೆಯ ತರಗತಿಯ ಮಕ್ಕಳು ಕಣ್ಣೆದುರು ಬಂದರು. ಕಿಟಕಿಯ ಗಾಜು ಒಡೆದ ದಿನ, ಯಾರು ಮಾಡಿದ್ದು ಎದ್ದು ನಿಲ್ಲಿ, ನಿಂತವರಿಗೆ ಹೊಡೆಯುವುದಿಲ್ಲ ಎಂದು ಹೇಳುವವಳು ನಾನು. ಅವರು ನಿಲ್ಲುತ್ತಾರೆ ಕೂಡ, ಮೂಗು ಒರೆಸಿಕೊಳ್ಳುತ್ತ.

ಬೆಳಿಗ್ಗೆ ಚೀಫ್ ಸಾಹೇಬರ ಬಾಗಿಲಿಗೆ ಹೋಗಿ ನಿಂತೆ. “ಸಾಬ್, ಪಾನೀ ಮೈ ಭರೀ. ಇನೋ ನಹೀಂ,” ಎಂದೆ, ನೀರು ತುಂಬಿದ್ದು ನಾನು, ಇವರಲ್ಲ. ನನ್ನ ಉರ್ದು ಕೇಳಿ ನಗದ ಮೊದಲ ಮನುಷ್ಯ ಅವರು. ಯಾತಕ್ಕೆ ತುಂಬಿದೆ ಎಂದು ಕೇಳಿದರು. ನಮ್ಮೂರಲ್ಲಿ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ, ಯಂತ್ರ ನಿಂತಿದೆ ಎಂದು ಕೇಳಿ ಹೆದರಿಕೆಯಾಯಿತು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಗಾದರೆ ನಿನ್ನ ಗಂಡ ನನಗೆ ಸುಳ್ಳು ಹೇಳಿದ, ಅದನ್ನೂ ಬರೆಯಬೇಕಾಗುತ್ತದೆ, ಎಂದರು. ಆಮೇಲೆ ಫೋನೆತ್ತಿ ಇವರನ್ನು ಕರೆದು, ನೀರು ಎಲ್ಲಿಂದ ಬರುತ್ತದೆ ಎಂದು ಇವಳಿಗೆ ತೋರಿಸು, ತಿಂಗಳಾಗುತ್ತ ಬಂತು, ಇನ್ನೂ ತೋರಿಸಿಲ್ಲವೆಂದರೆ ನೀನೆಂಥ ಎಂಜಿನಿಯರ್, ಎಂದರು.

ಹಾಗೆ ನಾನು ಮೊದಲ ಸಲ ಕೆಳಗಿಳಿದೆ. ಮೆಟ್ಟಿಲ ಕೆಳಗೆ ಮೆಟ್ಟಿಲು, ಒಂದೊಂದು ಇಳಿದಂತೆ ಸೆಕೆ ಹೆಚ್ಚು, ಸದ್ದು ಹೆಚ್ಚು. ಕಿವಿಗೆ ಮುಚ್ಚಳ ಹಾಕಿದರೂ ಎದೆಯೊಳಗೆ ಎಂಜಿನ್ ಓಡುತ್ತಿತ್ತು. ಮಾತು ಸಾಧ್ಯವೇ ಇಲ್ಲ, ಎಲ್ಲ ಕೈಸನ್ನೆ. ಮೇಲೆ ಕೋಣೆಯಲ್ಲಿ ಇವರು ಸ್ವಲ್ಪ ಮಂಕು ಮನುಷ್ಯ. ಅಲ್ಲಿ ಒಂದು ಕೊಳವೆಯ ಮೇಲೆ ಕೈಯಿಟ್ಟು, ಇನ್ನೊಂದಕ್ಕೆ ಕಿವಿ ಕೊಟ್ಟು, ದನದ ಕೊಟ್ಟಿಗೆಯಲ್ಲಿ ಓಡಾಡುವ ರೈತನಂತೆ ಓಡಾಡುತ್ತಿದ್ದರು. ಒಂದು ದಪ್ಪ ಉಕ್ಕಿನ ಯಂತ್ರದ ಮುಂದೆ ನಿಲ್ಲಿಸಿ, ಅದರ ಹೊಟ್ಟೆಗಿದ್ದ ಸಣ್ಣ ದುಂಡು ಗಾಜಿಗೆ ಬ್ಯಾಟರಿ ಹಿಡಿದರು. ಒಳಗೆ ಹನಿ ಬೀಳುತ್ತಿತ್ತು. ಎಂಜಿನ್ನಿನ ಬಿಸಿಗೆ ಸಮುದ್ರ ಆವಿಯಾಗಿ, ತಣ್ಣಗಾಗಿ, ಹನಿ ಹನಿಯಾಗಿ ಇಳಿಯುತ್ತಿತ್ತು. ಇವರು ಸಣ್ಣ ನಲ್ಲಿಯೊಂದನ್ನು ತಿರುವಿ ಸ್ಟೀಲ್ ಲೋಟಕ್ಕೆ ಹಿಡಿದು ಕೊಟ್ಟರು. ಹಿಡಿಯುವಾಗ ನೋಡದೆಯೇ, ಮೇಲೆ ನಾಲ್ಕು ಬೆರಳು ಬಿಟ್ಟರು.

ಕುಡಿದೆ. ಬೆಚ್ಚಗಿತ್ತು. ರುಚಿಯೇ ಇರಲಿಲ್ಲ. ನಮ್ಮೂರ ನೀರಿಗೆ ಸವಳು, ಮರಳಿಯ ನೀರಿಗೆ ಮಣ್ಣು. ಯಾವ ಊರಿನ ರುಚಿಯೂ ಇಲ್ಲದ ನೀರನ್ನು ನಾನು ಅದೇ ಮೊದಲು ಕುಡಿದದ್ದು. ಇವರು ನನ್ನ ಮುಖವನ್ನೇ ನೋಡುತ್ತಿದ್ದರು, ಪರೀಕ್ಷೆ ಬರೆದ ಹುಡುಗರು ನೋಡುವ ಹಾಗೆ. ಇವರು ಇಷ್ಟು ದಿನ ನನ್ನನ್ನು ಬಿಟ್ಟು ಹೋಗಿ ಮಾಡುತ್ತಿದ್ದದ್ದು ಇದನ್ನೇ ಎಂದು ಆಗ ತಿಳಿಯಿತು. ನೀರಿರುವ ಊರಿಗೆ ಕೊಡಬೇಕೆಂದು ಅಪ್ಪ ಜಿಲ್ಲೆಯೆಲ್ಲ ತಿರುಗಿ, ನೀರು ಮಾಡುವವರಿಗೇ ಕೊಟ್ಟಿದ್ದ. ಅಳು ಬಂತು. ಜೋರಾಗಿಯೇ ಅತ್ತೆ; ಆ ಸದ್ದಿನಲ್ಲಿ ಯಾರಿಗೂ ಕೇಳುವಂತಿರಲಿಲ್ಲ.

ನನ್ನನ್ನು ಮುಂದಿನ ಬಂದರಿನಲ್ಲಿ ಇಳಿಸಲಿಲ್ಲ. ರಜೆ ಮುಗಿದ ಮೇಲೆ ನಾನೇ ಇಳಿದೆ. ಇವರ ಬಡ್ತಿ ಬಂತು, ಆರು ತಿಂಗಳು ತಡವಾಗಿ. ಚೀಫ್ ಸಾಹೇಬರು ಬರೆಯಬೇಕಾದದ್ದನ್ನು ಬರೆದೇ ಬಿಟ್ಟಿದ್ದರು. ಆ ಮೂರು ಮಾತನ್ನು ನಾನು ಹೇಳಲಿಲ್ಲ. ಆಮೇಲೆ ಇನ್ನೂ ಎರಡು ಬೇಸಿಗೆ ಹೋಗಿ ಬಂದೆ, ಆಗಲೂ ಹೇಳಲಿಲ್ಲ. ಹಾಗೆಂದು ಮರೆತಿಲ್ಲ. ಜ್ವರ ಬಂದ ದಿನ, ಹಬ್ಬದ ದಿನ, ಗೌರಕ್ಕ ಅವಳ ಗಂಡನ ಜೊತೆ ಜಗಳವಾಡುವುದು ಗೋಡೆಯಾಚೆ ಕೇಳಿದ ದಿನ ಕೂಡ, ಆ ಮಾತು ಗಂಟಲಿಗೆ ಬರುತ್ತದೆ. ನುಂಗಿಕೊಳ್ಳುತ್ತೇನೆ. ಸುಲಭವೆಂದು ನಾನು ನಿಮಗೆ ಹೇಳುವುದಿಲ್ಲ.

ಈ ಭಾನುವಾರ ಎರಡನೆಯ ಕೊಡ ನಳದ ಕೆಳಗಿಟ್ಟಾಗ ಫೋನ್ ಹೊಡೆದುಕೊಂಡಿತು. ಇವರು. ಮೊದಲಾಗಿದ್ದರೆ ಕಟ್ ಮಾಡುತ್ತಿದ್ದೆ.

“ಏನದು ಸಪ್ಪಳ? ನೀರ್ ಬಂದಾವೇನ?”

“ಹ್ಞೂಂರಿ. ತಾಸ್ ಬಿಟ್ಟು ಮಾಡ್ರಿ.”

“ತಾಸ್ ಬಿಟ್ರ ಸಿಗ್ನಲ್ ಇರಂಗಿಲ್ಲ. ಮಾತ್ ಬ್ಯಾಡ, ಫೋನ್ ಕಟ್ಟಿ ಮ್ಯಾಲಿಡು. ನಾ ಕೇಳ್ತೀನಿ.”

ಕಟ್ಟೆಯ ಮೇಲೆ, ಕೊಡದ ಪಕ್ಕ ಫೋನ್ ಇಟ್ಟೆ. ನೀರು ಕೊಡದ ತಳಕ್ಕೆ ದಪ್ಪ ದನಿಯಲ್ಲಿ ಬೀಳುತ್ತಿತ್ತು. ತುಂಬುತ್ತ ಬಂದಂತೆ ದನಿ ತೆಳುವಾಯಿತು, ಮೇಲೇರಿತು, ಇನ್ನೂ ಮೇಲೇರಿತು. ಗೌರಕ್ಕ ತನ್ನ ನಳ ಬಿಟ್ಟು ಗೋಡೆಗೆ ಬಂದು ನಿಂತಿದ್ದಳು.

“ಸಾಕು, ತಗಿ,” ಎಂದಿತು ಫೋನು.

ಕೊಡ ಎಳೆದು ಒಳಗೆ ಕೈಯಿಟ್ಟು ನೋಡಿದೆ. ಸರಿಯಾಗಿ ನಾಲ್ಕು ಬೆರಳು. ಗೌರಕ್ಕ ಕೊಡ ನೋಡಿದಳು, ಫೋನ್ ನೋಡಿದಳು, ನನ್ನ ಮುಖ ನೋಡಿದಳು. ನಾನು ಮೂರನೆಯ ಕೊಡ ನಳದ ಕೆಳಗಿಟ್ಟೆ.